ಡಿಂಬೋಲಾ ಮನೆಯ ಗಾಜಿನ ಫಲಕಗಳು



ಮನೆಯ ಹೊಸ್ತಿಲೊಳಗೆ ಇದ್ದುಕೊಂಡೇ ಕಲೆಯಲ್ಲಿ ದೊಡ್ಡದನ್ನು ಸಾಧಿಸಿದ ಹೆಣ್ಣುಮಕ್ಕಳ ಬಗ್ಗೆ ವರ್ಷಕ್ಕೊಮ್ಮೆಯಾದರೂ ಒಂದು ಸಭೆಯಲ್ಲಿ ಮಾತು ನಡೆಯಲಿ ಎಂಬುದು ಈ ಉಪನ್ಯಾಸವನ್ನು ನಡೆಸುವ ದತ್ತಿಯ ಆಶಯ. ಅದನ್ನು ಓದಿದಾಗ ನನ್ನ ಮನಸ್ಸು ಹೋದದ್ದು ಒಂದು ಮನೆಯ ಕಡೆಗೆ. ಇಂಗ್ಲೆಂಡಿನ ದಕ್ಷಿಣ ತೀರದಾಚೆಯ ವೈಟ್ ದ್ವೀಪದಲ್ಲಿ, ಫ್ರೆಶ್‌ವಾಟರ್ ಎಂಬ ಊರಿನಲ್ಲಿರುವ ಆ ಮನೆಯ ಹೆಸರು ಡಿಂಬೋಲಾ. ಅಲ್ಲಿ ಬಾಳಿದವರು ಜೂಲಿಯಾ ಮಾರ್ಗರೆಟ್ ಕ್ಯಾಮರಾನ್.

ಹೆಸರು ದೂರದ್ದು ಅನ್ನಿಸಬಹುದು. ಆದರೆ 1862ರಿಂದ 2024ರ ಜೂನ್ ಕೊನೆಯವರೆಗೆ ನಮ್ಮ ನ್ಯಾಯಾಲಯಗಳಲ್ಲಿ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯನ್ನು ನೆನೆಯಿರಿ. ಮೆಕಾಲೆಯ ಮುಂದಾಳ್ತನದಲ್ಲಿ 1837ರಲ್ಲಿ ಅದರ ಕರಡು ಸಿದ್ಧಪಡಿಸಿದ ಕಾನೂನು ಆಯೋಗದ ಸದಸ್ಯರಲ್ಲಿ ಚಾರ್ಲ್ಸ್ ಹೇ ಕ್ಯಾಮರಾನ್ ಒಬ್ಬರು. ಅವರ ಪತ್ನಿಯೇ ಜೂಲಿಯಾ. ಹುಟ್ಟಿದ್ದು 1815ರ ಜೂನ್ 11ರಂದು, ಕಲ್ಕತ್ತದಲ್ಲಿ. ತಂದೆ ಜೇಮ್ಸ್ ಪ್ಯಾಟಲ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ತಾಯಿ ಫ್ರೆಂಚ್ ಮೂಲದವರು. ಬಾಲ್ಯದ ಓದು ಫ್ರಾನ್ಸಿನಲ್ಲಿ, ಅಜ್ಜಿಯ ಆಶ್ರಯದಲ್ಲಿ. ಆರೋಗ್ಯ ಸುಧಾರಿಸಿಕೊಳ್ಳಲು ದಕ್ಷಿಣ ಆಫ್ರಿಕಾದ ಕೇಪ್‌ಗೆ ಹೋದಾಗ ಇಬ್ಬರ ಪರಿಚಯವಾಯಿತು. ಒಬ್ಬರು ಮುಂದೆ ಗಂಡನಾದ, ವಯಸ್ಸಿನಲ್ಲಿ ಇಪ್ಪತ್ತು ವರ್ಷ ದೊಡ್ಡವರಾದ ಚಾರ್ಲ್ಸ್. ಇನ್ನೊಬ್ಬರು ಅಲ್ಲಿ ದಕ್ಷಿಣಾಕಾಶದ ನಕ್ಷತ್ರಗಳನ್ನು ಗುರುತು ಹಾಕಿಕೊಳ್ಳುತ್ತಿದ್ದ ಖಗೋಳಜ್ಞ ಸರ್ ಜಾನ್ ಹರ್ಷೆಲ್. 1838ರಲ್ಲಿ ಕಲ್ಕತ್ತದಲ್ಲಿ ಮದುವೆಯಾಯಿತು, ಹತ್ತು ವರ್ಷದ ನಂತರ ಸಂಸಾರ ಇಂಗ್ಲೆಂಡಿಗೆ ಹೋಯಿತು. ಪ್ಯಾಟಲ್ ಮನೆತನದ ಅಕ್ಕತಂಗಿಯರು ಲಂಡನ್ನಿನ ಸಿರಿವಂತರ ನಡುವೆಯೂ ಹಿಂದೂಸ್ತಾನಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು, ಶಾಲು ಹೊದೆಯುತ್ತಿದ್ದರು ಎಂಬುದು ಆ ಕಾಲದವರು ಬರೆದಿಟ್ಟ ವಿಷಯ.

ಇಷ್ಟು ಹಿನ್ನೆಲೆ ಸಾಕು. ಇನ್ನು ಮನೆಗೆ ಹೋಗೋಣ.

ಲಿಮಿಂಗ್‌ಟನ್ ಎಂಬ ಬಂದರಿನಿಂದ ಹಡಗು ಹತ್ತಿದರೆ ಒಂದು ಗಂಟೆಯೊಳಗೆ ದ್ವೀಪದ ಯಾರ್ಮತ್ ತಲುಪಬಹುದು. ಅಲ್ಲಿಂದ ಬಸ್ಸಿನಲ್ಲಿ ಫ್ರೆಶ್‌ವಾಟರ್ ಹತ್ತಿರವೇ. ಸುಣ್ಣದ ಕಲ್ಲಿನ ಬಿಳಿ ಬಂಡೆಗಳ ನಡುವೆ ಸಮುದ್ರ ಒಳಕ್ಕೆ ಚಾಚಿದ ಕಡೆ ಒಂದು ಸಣ್ಣ ಕೊಲ್ಲಿ. ಅದರಿಂದ ಸ್ವಲ್ಪ ಮೇಲಕ್ಕೆ ನಡೆದರೆ ರಸ್ತೆಯ ಬದಿಗೆ ಡಿಂಬೋಲಾ. ಹಿಂದಿನ ಗುಡ್ಡಕ್ಕೆ ಈಗ ಕವಿ ಟೆನಿಸನ್ ಹೆಸರು. ಅವರ ಮನೆ ಫ್ಯಾರಿಂಗ್‌ಫರ್ಡ್ ಇಲ್ಲಿಂದ ನಡೆದು ಹೋಗುವಷ್ಟು ದೂರ. ಟೆನಿಸನ್‌ರ ಸ್ನೇಹದ ಸೆಳೆತದಿಂದಲೇ ಜೂಲಿಯಾ 1860ರಲ್ಲಿ ಇಲ್ಲಿ ಅಕ್ಕಪಕ್ಕದ ಎರಡು ಮನೆಗಳನ್ನು ಕೊಂಡರು, ನಡುವೆ ಒಂದು ಗೋಪುರ ಕಟ್ಟಿಸಿ ಎರಡನ್ನೂ ಒಂದು ಮಾಡಿದರು. ಇವತ್ತಿಗೂ ರಸ್ತೆಯಲ್ಲಿ ನಿಂತು ನೋಡಿದರೆ ಆ ಬೆಸುಗೆ ಕಣ್ಣಿಗೆ ಬೀಳುತ್ತದೆ. ಮನೆಗೆ ಇಟ್ಟ ಹೆಸರು ಸಿಲೋನಿನದು, ಅಲ್ಲಿ ಅವರ ಕಾಫಿ ತೋಟಗಳಿದ್ದ ಸೀಮೆಯದು. ಈ ಮನೆಯ ಖರ್ಚು ನಡೆದದ್ದು ಕಂಪನಿ ಸರ್ಕಾರದ ನೌಕರಿಯಿಂದ, ಸಿಲೋನಿನ ಕಾಫಿಯಿಂದ. ಒಳಗೆ ಕಾಲಿಡುವ ಮುನ್ನ ಇದನ್ನು ತಿಳಿದಿರಬೇಕೆಂದು ನನ್ನ ಅನಿಸಿಕೆ.

ಒಳಗೆ ಈಗ ವಸ್ತುಸಂಗ್ರಹಾಲಯ. ಗೋಡೆಗಳ ಮೇಲೆ ಆಕೆಯ ಚಿತ್ರಗಳು, ಹೊಸ ಛಾಯಾಗ್ರಾಹಕರ ಪ್ರದರ್ಶನಗಳಿಗೆ ಕೋಣೆಗಳು, ಚಹಾ ಕುಡಿಯಲು ಒಂದು ಜಾಗ. ತೋಟದಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅವರ ಪ್ರತಿಮೆಯೂ ಇದೆ. ಅವರು ನುಡಿಸಿದ 1970ರ ದೊಡ್ಡ ಸಂಗೀತೋತ್ಸವ ನಡೆದದ್ದು ಹತ್ತಿರದ ಗುಡ್ಡದ ತಪ್ಪಲಿನಲ್ಲಿ. ಒಂದೇ ತೋಟದಲ್ಲಿ ಎರಡು ಕಾಲಗಳ ನೆನಪು ಇರುವುದು ನನಗೆ ಹಿತವಾಗಿ ಕಂಡಿತು. ಆದರೆ ನಾನು ಹೆಚ್ಚು ಹೊತ್ತು ನಿಂತದ್ದು ಹಿತ್ತಲ ಕಡೆ. ಕಾರಣ, ಇತಿಹಾಸ ನಡೆದದ್ದು ದಿವಾನಖಾನೆಯಲ್ಲಿ ಅಲ್ಲ, ಕಲ್ಲಿದ್ದಲು ತುಂಬುವ ಕೋಣೆಯಲ್ಲಿ, ಕೋಳಿಗಳ ಮನೆಯಲ್ಲಿ.

1863ರ ಡಿಸೆಂಬರ್. ಗಂಡ ತೋಟ ನೋಡಲು ಸಿಲೋನಿಗೆ ಹೋಗಿದ್ದರು. ಗಂಡುಮಕ್ಕಳು ಮನೆಯಲ್ಲಿರಲಿಲ್ಲ. ಒಬ್ಬಳೇ ಮಗಳಿಗೆ ಮದುವೆಯಾಗಿತ್ತು. ಆರು ಮಕ್ಕಳನ್ನು ಹೆತ್ತು, ಅನಾಥ ನೆಂಟರ ಮಕ್ಕಳನ್ನೂ ಸಾಕಿದ ತಾಯಿಗೆ ಬೇಸರ ಕಳೆಯಲೆಂದು ಮಗಳು ಅಳಿಯ ಸೇರಿ ಒಂದು ಕ್ಯಾಮೆರಾ ಕೊಟ್ಟರು. ಆಗ ಜೂಲಿಯಾಗೆ 48 ವರ್ಷ. ಕೊಟ್ಟವರು ಅದನ್ನು ಹೊತ್ತು ಕಳೆಯುವ ಸಾಮಾನು ಎಂದುಕೊಂಡಿದ್ದರು. ಆಕೆ ಅದನ್ನು ತಮ್ಮ ಜೀವನದ ಕೆಲಸವೆಂದು ಹಿಡಿದುಕೊಂಡರು. ಕಲ್ಲಿದ್ದಲಿನ ಕೋಣೆ ಕತ್ತಲೆ ಕೋಣೆಯಾಯಿತು. ಗಾಜು ಹಾಕಿದ್ದ ಕೋಳಿಮನೆ ಸ್ಟುಡಿಯೋ ಆಯಿತು. ಕೋಳಿಗಳು ಹೊರಗೆ ಹೋದವು, ಕವಿಗಳು, ಪ್ರವಾದಿಗಳು, ಚಿತ್ರಕಾರರು, ಚೆಲುವಾದ ಕನ್ಯೆಯರು ಒಳಗೆ ಬಂದರು ಎಂದು ಆಕೆಯೇ ಖುಷಿಯಿಂದ ಬರೆದುಕೊಂಡಿದ್ದಾರೆ. 1874ರಲ್ಲಿ ಬರೆಯಲು ತೊಡಗಿ ಪೂರ್ತಿಯಾಗದೆ ಉಳಿದ ಆತ್ಮಕಥನಕ್ಕೂ ಆಕೆ ಇಟ್ಟದ್ದು ಆ ಗಾಜಿನಮನೆಯ ಹೆಸರನ್ನೇ.

ಫೋಟೋ ತೆಗೆಯುವುದು ಎಂದರೆ ಆಗ ಏನು ಎಂಬುದನ್ನು ಇಲ್ಲಿರುವ ವಿದ್ಯಾರ್ಥಿಗಳಿಗೆ ಸ್ವಲ್ಪ ವಿವರವಾಗಿ ಹೇಳಬೇಕು. ಫಿಲ್ಮ್ ಇನ್ನೂ ಬಂದಿರಲಿಲ್ಲ. ಗಾಜಿನ ಫಲಕವನ್ನು ಒಂದು ಧೂಳಿನ ಕಣವೂ ಇರದಂತೆ ಉಜ್ಜಬೇಕು. ಅದರ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸುರಿದು, ಕೈಯಲ್ಲೇ ವಾಲಿಸುತ್ತ ನಾಲ್ಕು ಮೂಲೆಗೂ ಸಮನಾಗಿ ಹರಡಬೇಕು. ಕತ್ತಲೆಯಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಮುಳುಗಿಸಿ, ಹಸಿಯಾಗಿರುವಾಗಲೇ ಕ್ಯಾಮೆರಾಕ್ಕೆ ಏರಿಸಬೇಕು. ಚಿತ್ರ ತೆಗೆದ ಮೇಲೆ ಅದು ಒಣಗುವುದರೊಳಗೆ ಮತ್ತೆ ಕತ್ತಲೆ ಕೋಣೆಗೆ ಓಡಿ ಚಿತ್ರ ಮೂಡಿಸಬೇಕು, ತೊಳೆಯಬೇಕು, ಸ್ಥಿರಗೊಳಿಸಬೇಕು, ಇನ್ನೊಮ್ಮೆ ತೊಳೆಯಬೇಕು, ಬಿಸಿ ತಾಗಿಸಿ ವಾರ್ನಿಷ್ ಹಚ್ಚಬೇಕು. ಸ್ಥಿರಗೊಳಿಸಲು ಆ ಕಾಲದವರು ಬಳಸುತ್ತಿದ್ದ ಪೊಟ್ಯಾಸಿಯಂ ಸಯನೈಡ್ ಘೋರ ವಿಷ. ಕೊನೆಗೆ ಮೊಟ್ಟೆಯ ಬಿಳಿಲೋಳೆ ಸವರಿದ ಕಾಗದವನ್ನು ಗಾಜಿಗೆ ಒತ್ತಿ ಬಿಸಿಲಿಗಿಟ್ಟು ಪ್ರಿಂಟ್ ತೆಗೆಯಬೇಕು, ಅದನ್ನೂ ಗಂಟೆಗಟ್ಟಲೆ ತೊಳೆಯಬೇಕು. ಗಾಜು ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ. ಆಕೆ ಮೊದಲು ಬಳಸಿದ್ದು ಸ್ವಲ್ಪ ಚಿಕ್ಕ ಫಲಕ. ಮುಂದೆ 15 ಇಂಚಿಗೆ 12 ಇಂಚಿನದಕ್ಕೆ ಏರಿದರು. ನೀರು ಬರುತ್ತಿದ್ದುದು ಬಾವಿಯಿಂದ, ಕೈಯಲ್ಲಿ ಹೊತ್ತು. ಬೆಳ್ಳಿಯ ದ್ರಾವಣ ತಾಗಿದ ಚರ್ಮ, ಬಟ್ಟೆ, ಮೇಜಿನ ಹಾಸು ಎಲ್ಲ ಕಪ್ಪು. ಗೌರವಸ್ಥ ಮನೆತನದ ಹೆಂಗಸು ಕಪ್ಪು ಕೈಗಳಲ್ಲಿ, ರಾಸಾಯನಿಕದ ವಾಸನೆಯ ಉಡುಪಿನಲ್ಲಿ ರಸ್ತೆಗೆ ಓಡಿಬಂದು, ಹೋಗುತ್ತಿದ್ದವರನ್ನು ಕರೆದು ಕೂರಿಸುತ್ತಿದ್ದರು. ಆ ಕಾಲದ ಇಂಗ್ಲೆಂಡಿನಲ್ಲಿ ಇದು ಸಣ್ಣ ಧೈರ್ಯವಲ್ಲ.

ಕೈಗೆ ಬಂದ ಮೊದಲ ಚಿತ್ರ ಉಳಿಯಲಿಲ್ಲ. ಊರಿನ ಒಬ್ಬ ರೈತನನ್ನು ಗಂಟೆಗೆ ಅರ್ಧ ಕ್ರೌನ್ ಕೊಟ್ಟು ಕೂರಿಸಿದ್ದರು. ಇನ್ನೂ ಹಸಿಯಿದ್ದ ಗಾಜಿನ ಮೇಲೆ ತಮ್ಮ ಕೈಯೇ ತಾಗಿ ಅದು ಅಳಿಸಿಹೋಯಿತು. 1864ರ ಜನವರಿ ಕೊನೆಯಲ್ಲಿ ಆ್ಯನಿ ಫಿಲ್ಪಾಟ್ ಎಂಬ ಪುಟ್ಟ ಹುಡುಗಿಯ ಮುಖ ಸಿಕ್ಕಿತು. ಅದೇ ದಿನ ಪ್ರಿಂಟ್ ತೆಗೆದು, ಚೌಕಟ್ಟು ಹಾಕಿ, ಹುಡುಗಿಯ ತಂದೆಗೆ ಕೊಟ್ಟರು. ತಮ್ಮ ಮೊದಲ ಗೆಲುವು ಎಂದು ಅದರ ಕೆಳಗೆ ಬರೆದರು. ಕತ್ತು ಒಂದು ಕಡೆ ತಿರುಗಿಸಿದ, ಮೇಲಂಗಿಯ ಗುಂಡಿ ಹಾಕಿಕೊಂಡ, ಯಾವ ಅಲಂಕಾರವೂ ಇಲ್ಲದ ಮಗು ಅದು. ಛಾಯಾಗ್ರಹಣದ ಇತಿಹಾಸದಲ್ಲಿ ಮಗುವೊಂದನ್ನು ಇಷ್ಟು ಗಂಭೀರವಾಗಿ, ದೊಡ್ಡವರನ್ನು ನೋಡುವಂತೆ ನೋಡಿದ ಚಿತ್ರ ಅದಕ್ಕೆ ಮೊದಲು ನಾನು ಕಂಡಿಲ್ಲ.

ಸ್ಟುಡಿಯೋ ಛಾಯಾಗ್ರಾಹಕರು ಆಗ ಮಾಡುತ್ತಿದ್ದುದು ಚಿಕ್ಕ ಕಾರ್ಡಿನ ಮೇಲೆ ಇಡೀ ದೇಹದ ಚಿತ್ರ: ಬಣ್ಣ ಬಳಿದ ಪರದೆ, ಕಂಬ, ಕುರ್ಚಿ, ನಿಲುವಂಗಿಯ ಪ್ರತಿಯೊಂದು ಮಡಿಕೆಯೂ ಸ್ಪಷ್ಟ. ಜೂಲಿಯಾ ಮುಖದ ಹತ್ತಿರಕ್ಕೆ ಹೋದರು. ಹಿಂದೆ ಕಪ್ಪು ಬಟ್ಟೆ ಬಿಟ್ಟು, ಬೆಳಕನ್ನು ಒಂದೇ ಕಡೆಯಿಂದ ಬಿಟ್ಟುಕೊಂಡರು. ಫೋಕಸ್ ಮಾಡುವಾಗ ಕಣ್ಣಿಗೆ ಚೆಲುವಾಗಿ ಕಂಡ ಕಡೆ ಲೆನ್ಸನ್ನು ನಿಲ್ಲಿಸಿದರು. ಅದಕ್ಕಿಂತ ಮುಂದಕ್ಕೆ ತಿರುಗಿಸಲಿಲ್ಲ. ಎದುರು ಕೂತವರು ಮೂರರಿಂದ ಏಳು ನಿಮಿಷ ಅಲುಗಾಡದೆ ಇರಬೇಕಿತ್ತು. ಅಲುಗಾಡಿದರೆ ಆ ಅಲುಗಾಟವೂ ಚಿತ್ರದೊಳಕ್ಕೆ ಸೇರುತ್ತಿತ್ತು. ಛಾಯಾಗ್ರಹಣ ಪತ್ರಿಕೆಗಳ ವಿಮರ್ಶಕರು ಇದನ್ನು ಅವ್ಯವಸ್ಥಿತ ಕೆಲಸವೆಂದರು, ಮಸುಕೆಂದರು, ಗಾಜಿನ ಮೇಲಿನ ಬೆರಳಚ್ಚು ಬಿರುಕುಗಳನ್ನು ಎತ್ತಿ ತೋರಿಸಿದರು. ಸರಿಯಾದ ಫೋಕಸ್ ಯಾವುದೆಂದು ಹೇಳುವ ಹಕ್ಕು ಯಾರಿಗಿದೆ ಎಂದು ಆಕೆ ಹರ್ಷೆಲರಿಗೆ ಬರೆದ ಪತ್ರದಲ್ಲಿ ಕೇಳಿದರು. ನನ್ನ ಪ್ರಕಾರ ಆಧುನಿಕ ಭಾವಚಿತ್ರ ಕಲೆ ಶುರುವಾಗುವುದು ಆ ಪ್ರಶ್ನೆಯಿಂದ. ಇದನ್ನು ಕೌಶಲವಿಲ್ಲದವರು ಹೇಳುವ ನೆಪವೆಂದು ಇವತ್ತಿಗೂ ಬಗೆಯುವವರಿದ್ದಾರೆ. ಅವರು 1867ರಲ್ಲಿ ಆಕೆ ತೆಗೆದ ಹರ್ಷೆಲರ ಚಿತ್ರವನ್ನು ಒಮ್ಮೆ ನೋಡಬೇಕು.

ಹರ್ಷೆಲ್ ಸಾಮಾನ್ಯರಲ್ಲ. ಹೈಪೊ ಎಂಬ ರಾಸಾಯನಿಕ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂಬುದನ್ನು 1819ರಲ್ಲೇ ಕಂಡುಕೊಂಡು, ಮುಂದೆ ಛಾಯಾಚಿತ್ರಗಳು ಅಳಿಯದಂತೆ ಉಳಿಯಲು ದಾರಿ ಮಾಡಿದವರು. ಜೂಲಿಯಾ ಇನ್ನೂ ಕಲ್ಕತ್ತದಲ್ಲಿದ್ದಾಗ ಛಾಯಾಚಿತ್ರದ ಮೊದಲ ಮಾದರಿಗಳನ್ನು ಅವರಿಗೆ ಕಳಿಸಿಕೊಟ್ಟ ಗುರು. ಆ ಗುರುವಿನ ಕೆಂಟ್ ಪ್ರಾಂತದ ಮನೆಗೆ ಸಾಮಾನುಗಳನ್ನೆಲ್ಲ ಹೊತ್ತುಕೊಂಡು ಹೋಗಿ, ಮುದುಕರ ಬಿಳಿಗೂದಲನ್ನು ತೊಳೆಸಿ ಕೆದರಿಸಿ, ಕಪ್ಪು ಬಟ್ಟೆ ಹೊದಿಸಿ ಕೂರಿಸಿದರು. ಕತ್ತಲೊಳಗಿನಿಂದ ಆ ಮುಖ ಹೊರಬರುತ್ತದೆ. ಕಣ್ಣುಗಳಲ್ಲಿ ಆಯುಷ್ಯವಿಡೀ ಆಕಾಶ ನೋಡಿದ ದಣಿವಿದೆ, ಬೆರಗೂ ಇದೆ. ಚರ್ಮದ ಸುಕ್ಕು ಒಂದೊಂದೂ ಕಾಣುತ್ತದೆ, ಕೂದಲಿನ ಅಂಚು ಮಾತ್ರ ಬೆಳಕಿನಲ್ಲಿ ಕರಗುತ್ತದೆ. ಯಾವುದು ಸ್ಪಷ್ಟವಾಗಿರಬೇಕು, ಯಾವುದು ಕರಗಬೇಕು ಎಂಬ ತೀರ್ಮಾನ ಚಿತ್ರದ ತುಂಬ ಇದೆ. ಕೌಶಲ ಇಲ್ಲದವರ ಕೈಯಲ್ಲಿ ಇದಾಗದು.

ಕಾರ್ಲೈಲ್, ಬ್ರೌನಿಂಗ್, ಚಿತ್ರಕಾರ ವಾಟ್ಸ್, ಟೆನಿಸನ್ ಹೀಗೆ ದೊಡ್ಡವರ ಪಟ್ಟಿ ಉದ್ದವಿದೆ. ಡಾರ್ವಿನ್ ಕುಟುಂಬ 1868ರ ಬೇಸಿಗೆಯಲ್ಲಿ ಇದೇ ಊರಿಗೆ ಬಂದು ಕ್ಯಾಮರಾನರ ಮನೆಯೊಂದನ್ನೇ ಬಾಡಿಗೆಗೆ ಹಿಡಿದಿತ್ತು. ಡಾರ್ವಿನ್‌ರ ಪ್ರಸಿದ್ಧ ಚಿತ್ರ ಆಗಿನದು. ಅದೇ ವರ್ಷ ಇನ್ನೊಬ್ಬ ಅತಿಥಿಯೂ ಬಂದ, ಏಳು ವರ್ಷದ ಬಾಲಕ. ಇಥಿಯೋಪಿಯದ ಮ್ಯಾಗ್ಡಲಾ ಕೋಟೆ ಬಿದ್ದಾಗ ತಂದೆಯನ್ನು ಕಳೆದುಕೊಂಡು ಬ್ರಿಟಿಷರ ಕೈಸೇರಿದ ರಾಜಕುಮಾರ ಅಲೆಮಾಯು. ಆ ದಂಡಯಾತ್ರೆ ಹೊರಟದ್ದು ಬೊಂಬಾಯಿಯಿಂದ, ಅದರಲ್ಲಿ ಭಾರತೀಯ ಸಿಪಾಯಿಗಳು ಬಹಳ ಮಂದಿ ಇದ್ದರು. ಅವನ ಚಿತ್ರದ ಮುಂದೆ ನಿಂತಾಗ ಹರ್ಷೆಲರ ಮುಂದೆ ಮೂಡಿದ ಸಂತೋಷ ಮೂಡದು. ಆ ಮಗುವಿನ ಮುಖದಲ್ಲಿ ಇರುವುದು ದುಃಖ. ಜೂಲಿಯಾ ಅದನ್ನು ಮರೆಮಾಚಲಿಲ್ಲ ಎಂಬುದಷ್ಟನ್ನು ಅವರ ಪರವಾಗಿ ಹೇಳಬಲ್ಲೆ.

ಆದರೆ ಡಿಂಬೋಲಾದ ನಿಜವಾದ ಸಂಪತ್ತು ಮನೆಗೆಲಸದ ಹೆಣ್ಣುಮಕ್ಕಳ ಚಿತ್ರಗಳು. ಮೇರಿ ಹಿಲಿಯರ್ ಇದೇ ಸೀಮೆಯ ಹುಡುಗಿ, ಈ ಮನೆಯ ಕೆಲಸದಾಕೆ. ಕನ್ಯೆ ಮೇರಿಯಾಗಿ, ಸಂತಳಾಗಿ, ಗ್ರೀಕ್ ಕವಯಿತ್ರಿ ಸ್ಯಾಫೊ ಆಗಿ ಅವರ ಮುಖ ಮತ್ತೆಮತ್ತೆ ಬರುತ್ತದೆ. ಮಡೊನ್ನಾ ಮೇರಿ ಎಂದೇ ಅವರಿಗೆ ಹೆಸರು ಬಿತ್ತು. ಗಾಜು ತೊಳೆಯಲು, ನೀರು ತರಲು, ಪ್ರಿಂಟ್‌ಗಳನ್ನು ಬಿಸಿಲಿಗಿಡಲು ನೆರವಾಗುತ್ತಿದ್ದವರೂ ಮನೆಯ ಇಂಥ ಕೆಲಸದವರೇ. ನಮ್ಮಲ್ಲಿ ಅಡುಗೆಮನೆಯಲ್ಲಿ ಕೈಜೋಡಿಸಿದವರ ಹೆಸರು ಊಟದ ಹೊತ್ತಿಗೆ ಮರೆತುಹೋಗುವಂತೆ, ಕಲೆಯ ಇತಿಹಾಸ ಇವರನ್ನು ಬಹುಕಾಲ ಮರೆತಿತ್ತು. ಮೇರಿ ಹಿಲಿಯರ್ ಮುಂದೆ ಮದುವೆಯಾಗಿ ಫ್ರೆಶ್‌ವಾಟರಿನಲ್ಲೇ ನೆಲೆಸಿದರು.

ಇನ್ನೊಬ್ಬ ಮೇರಿ, ಮೇರಿ ರಯನ್. ಲಂಡನ್ ಬಳಿಯ ಪಟ್ನಿಯಲ್ಲಿ ತಾಯಿಯೊಂದಿಗೆ ಭಿಕ್ಷೆ ಬೇಡುತ್ತಿದ್ದ ಐರಿಷ್ ಬಾಲಕಿ. ಜೂಲಿಯಾ ಅವಳನ್ನು ಮನೆಗೆ ಕರೆತಂದು ಓದುಬರಹ ಕಲಿಸಿದರು, ಕೆಲಸಕ್ಕೂ ಇಟ್ಟುಕೊಂಡರು, ಚಿತ್ರಗಳನ್ನೂ ತೆಗೆದರು. ಲಂಡನ್ನಿನ ಕೊಲ್ನಾಗಿ ಚಿತ್ರಶಾಲೆಯ ಪ್ರದರ್ಶನದಲ್ಲಿ ಅವಳ ಚಿತ್ರಕ್ಕೆ ಮನಸೋತ ತರುಣನೊಬ್ಬ 1867ರಲ್ಲಿ ಅವಳನ್ನು ಮದುವೆಯಾದ. ತಮಿಳುನಾಡಿನ ಕುಂಭಕೋಣದಲ್ಲಿ ಹುಟ್ಟಿ, ಐಸಿಎಸ್ ಸೇರಿದ್ದ ಆ ತರುಣನ ಹೆಸರು ಹೆನ್ರಿ ಕಾಟನ್. ಅಸ್ಸಾಮಿನ ಚೀಫ್ ಕಮಿಷನರ್ ಆಗಿದ್ದಾಗ ಚಹಾ ತೋಟದ ಕೂಲಿಗಳ ಪರ ಮಾತಾಡಿ ತೋಟದ ಧಣಿಗಳ ಸಿಟ್ಟಿಗೆ ಗುರಿಯಾದವರು, 1904ರ ಬೊಂಬಾಯಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು, ಅವರೇ ಸರ್ ಹೆನ್ರಿ ಕಾಟನ್. ಪಟ್ನಿಯ ಬೀದಿಯ ಹುಡುಗಿ ಲೇಡಿ ಕಾಟನ್ ಆದರು. ಕೋಳಿಮನೆಯಲ್ಲಿ ತೆಗೆದ ಒಂದು ಚಿತ್ರಕ್ಕೂ ನಮ್ಮ ಸ್ವಾತಂತ್ರ್ಯ ಚಳವಳಿಯ ಒಂದು ಅಧ್ಯಾಯಕ್ಕೂ ಹೀಗೆ ನಂಟಿದೆ.

ಕೆಲಸಕ್ಕೆ ಮನ್ನಣೆ ಬೇಗ ಬಂತು. 1865ರಲ್ಲೇ ಈಗಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ ಆಕೆಯ ಚಿತ್ರಗಳನ್ನು ಕೊಂಡು ಪ್ರದರ್ಶಿಸಿತು. 1868ರಲ್ಲಿ ಸ್ಟುಡಿಯೋಗೆಂದು ಎರಡು ಕೋಣೆಗಳನ್ನೂ ಕೊಟ್ಟಿತು. ಆಕೆ ತಮ್ಮ ಚಿತ್ರಗಳ ಹಕ್ಕನ್ನು ನೋಂದಾಯಿಸುತ್ತಿದ್ದರು, ಕೈಯಾರೆ ಸಹಿ ಹಾಕುತ್ತಿದ್ದರು, ಮಾರಾಟದ ಲೆಕ್ಕ ನೋಡುತ್ತಿದ್ದರು. ಹಣ ಮಾತ್ರ ಸಾಲದಾಯಿತು. 1869ರಲ್ಲಿ ಸಿಲೋನಿನ ಕಾಫಿಗೆ ಎಲೆ ತುಕ್ಕು ರೋಗ ಬಂತು. ನಮ್ಮ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಆ ರೋಗದ ಬಗ್ಗೆ ಹೇಳಿಕೊಡಬೇಕಿಲ್ಲ; ಅಲ್ಲಿಂದ ಇಲ್ಲಿಗೂ ಬಂದು ಇಂದಿಗೂ ಬಿಡದ ರೋಗ ಅದು. ಸಿಲೋನ್ ಕಾಫಿಯನ್ನು ಮರೆತು ಚಹಾಕ್ಕೆ ತಿರುಗಿತು. 1873ರಲ್ಲಿ, ಕ್ಯಾಮೆರಾ ಕೊಟ್ಟ ಮಗಳು ಹೆರಿಗೆಯಲ್ಲಿ ತೀರಿಕೊಂಡಳು. 1875ರಲ್ಲಿ ದಂಪತಿ ಫ್ರೆಶ್‌ವಾಟರ್ ತೊರೆದು ಸಿಲೋನಿಗೆ ಹೊರಟರು. ಅಲ್ಲಿ ಸರಿಯಾದ ಶವಪೆಟ್ಟಿಗೆ ಸಿಗಲಾರದೆಂದು ಎರಡನ್ನು ಜೊತೆಗೆ ಒಯ್ದರು, ಅವುಗಳೊಳಗೆ ಪಿಂಗಾಣಿ ಪಾತ್ರೆ ತುಂಬಿದ್ದರು ಎಂದು ಅವರನ್ನು ಬಲ್ಲವರು ಹೇಳುತ್ತಿದ್ದರು. 1879ರ ಜನವರಿ 26ರಂದು ಜೂಲಿಯಾ ತೀರಿಕೊಂಡರು. ಸಮಾಧಿ ಬೊಗವಂತಲಾವದ ಚರ್ಚಿನ ಆವರಣದಲ್ಲಿ, ಸುತ್ತ ಚಹಾ ತೋಟ.

ಸಿಲೋನಿನ ವರ್ಷಗಳ ಚಿತ್ರಗಳಲ್ಲಿ ಉಳಿದಿರುವುದು ಮೂವತ್ತರ ಒಳಗೆ. ಕಳುತರದ ರೈತರು, ತೋಟದ ಕೂಲಿಗಳು, ಅವರಲ್ಲಿ ತಮಿಳು ನಾಡಿನಿಂದ ಹೋದವರೂ ಇದ್ದಾರೆ. ಚಿತ್ರಗಳು ಚೆಲುವಾಗಿವೆ. ಅವರ ಹೆಸರುಗಳು ಮಾತ್ರ ಇಲ್ಲ. ಫ್ರೆಶ್‌ವಾಟರಿನ ಕೆಲಸದಾಕೆಯರು ಮೇರಿ ಹಿಲಿಯರ್ ಆಗಿ, ಮೇರಿ ರಯನ್ ಆಗಿ ನಮಗೆ ಗೊತ್ತು. ಕಳುತರದ ಹೆಂಗಸಿನ ಹೆಸರು ನಮಗೆ ಗೊತ್ತಿಲ್ಲ. ಅಷ್ಟು ಕಾಳಜಿಯಿಂದ ಮುಖಗಳನ್ನು ನೋಡಿದ ಕಣ್ಣು ಇಲ್ಲಿ ಒಂದು ಹೆಜ್ಜೆ ಹಿಂದೆ ನಿಂತಿತು. ಆಕೆಯನ್ನು ಮನಸಾರೆ ಮೆಚ್ಚುವವನಾಗಿ ಇದನ್ನು ಹೇಳದೆ ಬಿಡಲಾರೆ. ಆಳುವವರ ಮನೆಯಲ್ಲಿ ಹುಟ್ಟಿ ಬೆಳೆದ ಕಣ್ಣಿನ ಮಿತಿ ಅದು. ತೋಟದ ಲೆಕ್ಕದ ಪುಸ್ತಕದಲ್ಲಿ ಕೂಲಿಯ ತಲೆಯೆಣಿಕೆ ಇರುತ್ತಿದ್ದಂತೆಯೇ ಆ ಚಿತ್ರಗಳಲ್ಲೂ ಜನ ಗುಂಪಾಗಿ ಉಳಿದರು.

ಮನೆ ಉಳಿದದ್ದೂ ಸುಲಭವಾಗಿ ಅಲ್ಲ. ಕೈಯಿಂದ ಕೈಗೆ ಹೋಗಿ, ಕೆಡವುವ ಹಂತಕ್ಕೆ ಬಂದಿತ್ತು. ಆಸಕ್ತರು ಸೇರಿ ಟ್ರಸ್ಟ್ ಮಾಡಿಕೊಂಡು 1990ರ ದಶಕದ ಆರಂಭದಲ್ಲಿ ಕೊಂಡು ಉಳಿಸಿಕೊಂಡರು. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು ಕೆಡವಲು ತೊಡಗಿದಾಗ ಜನ ದನಿ ಎತ್ತಿದ್ದನ್ನು, ಅದು 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದದ್ದನ್ನು ಕಂಡ ನಮಗೆ ಇದರ ಬೆಲೆ ಗೊತ್ತು.

ಛಾಯಾಗ್ರಹಣ ನಮ್ಮ ನಾಡಿಗೂ ಬಹು ಬೇಗ ಬಂದ ಕಲೆ. ಜೂಲಿಯಾ ಕ್ಯಾಮೆರಾ ಹಿಡಿಯುವುದಕ್ಕೆ ಒಂಬತ್ತು ವರ್ಷ ಮುಂಚೆ, 1854ರಲ್ಲಿ, ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ ಹಳೇಬೀಡು ಬೇಲೂರುಗಳ ದೇವಾಲಯಗಳ ಚಿತ್ರ ತೆಗೆದಿದ್ದರು. ಅಲ್ಲಿಂದ ಮುಂದೆ ನಮ್ಮ ಪಟ್ಟಣಗಳ ಸ್ಟುಡಿಯೋಗಳು ತಲೆಮಾರುಗಟ್ಟಲೆ ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೋಗಳನ್ನು ತೆಗೆದವು. ಅವುಗಳ ಗಾಜಿನ ನೆಗೆಟಿವ್‌ಗಳು ಗುಜರಿಗೆ ಹೋಗಿವೆ, ಇನ್ನೂ ಹೋಗುತ್ತಿವೆ. ಉಳಿದ ಫೋಟೋಗಳಲ್ಲಿ ಗಂಡಸರ ಹೆಸರು ಹೇಗೋ ಸಿಗುತ್ತದೆ. ಹಿಂದಿನ ಸಾಲಿನಲ್ಲಿ ನಿಂತ ಹೆಂಗಸರ, ಮಗುವನ್ನು ಎತ್ತಿಕೊಂಡ ಕೆಲಸದಾಕೆಯ ಹೆಸರು ಹೇಳಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಹಿರಿಯರು ಮಾತ್ರ.

ಆದ್ದರಿಂದ ಈ ಸಭೆಯಲ್ಲಿರುವವರಲ್ಲಿ, ಮುಖ್ಯವಾಗಿ ವಿದ್ಯಾರ್ಥಿನಿಯರಲ್ಲಿ ನನ್ನದೊಂದು ಕೋರಿಕೆ. ಮನೆಯ ಟ್ರಂಕಿನಲ್ಲೋ ಅಟ್ಟದಲ್ಲೋ ಇರುವ ಹಳೆಯ ಫೋಟೋಗಳನ್ನು ಈ ರಜೆಯಲ್ಲಿ ಅಜ್ಜಿಯ ಮುಂದೆ ಹರಡಿ. ಒಬ್ಬೊಬ್ಬರ ಮೇಲೂ ಬೆರಳಿಟ್ಟು ಕೇಳಿ. ಫೋಟೋದ ಹಿಂದೆ ಪೆನ್ನಿನ ಶಾಯಿ ತಾಗಿಸಬೇಡಿ, ಅದು ಮುಂದಕ್ಕೆ ಇಳಿಯುತ್ತದೆ. ಮೆತ್ತನೆಯ ಪೆನ್ಸಿಲ್ಲಿನಲ್ಲಿ ಹಗುರವಾಗಿ ಹೆಸರು, ಊರು, ಗೊತ್ತಿದ್ದರೆ ವರ್ಷ ಬರೆಯಿರಿ. ನಿಮ್ಮ ಊರಿನ ಹಳೆಯ ಸ್ಟುಡಿಯೋ ಮುಚ್ಚುತ್ತಿದ್ದರೆ ನೆಗೆಟಿವ್‌ಗಳು ಗುಜರಿಗೆ ಹೋಗುವ ಮೊದಲು ಕಾಲೇಜಿನ ಇತಿಹಾಸ ವಿಭಾಗಕ್ಕೆ ತಿಳಿಸಿ. ಮೊದಲು ಬರೆಯಬೇಕಾದ್ದು ಹೆಂಗಸರ ಹೆಸರು.